ಗಡಿಗೆ ಕುಡಿದ ಪಾಲು

ತೆಂಗಿನಗುಂಡಿ, ಭಟ್ಕಳ ತಾಲೂಕು
ಸೋಮವಾರ, ೨೩ ಜೂನ್ ೨೦೨೫

ಪ್ರೀತಿಯ ಮಗಳು ಸೌಜನ್ಯಾಳಿಗೆ,

ನಿನ್ನ ಚಿಕ್ಕಪ್ಪ ಮಾಸ್ತಿಯ ಆಶೀರ್ವಾದ. ಓದುವ ಮೊದಲು ಒಂದು ಕೆಲಸ ಮಾಡು. ಈ ಪತ್ರದ ಜೊತೆ ನಿನ್ನ ತಮ್ಮ ವಿಶಾಲ ಒಂದು ಬಿಳಿ ಥರ್ಮೋಕೋಲ್ ಡಬ್ಬಿ ಕೊಡುತ್ತಾನೆ. ಅದನ್ನು ಹಾಗೆಯೇ ಒಯ್ದು ನಿನ್ನ ಲ್ಯಾಬಿನ ಫ್ರೀಜರಿನಲ್ಲಿಟ್ಟು ಬಾ, ಆಮೇಲೆ ಕುಳಿತು ಓದು. ಒಳಗೆ ಎಂತ ಇದೆ ಎಂದು ಅವನನ್ನು ಕೇಳಬೇಡ, ಅವನಿಗೆ ಗೊತ್ತಿಲ್ಲ. ಚಿಕ್ಕಪ್ಪ ಅಕ್ಕನಿಗೆ ಸೀಗಡಿ ಕಳಿಸಿದ್ದಾನೆ ಎಂದುಕೊಂಡು ಭಟ್ಕಳದಿಂದ ಪುಣೆಯವರೆಗೆ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿರುತ್ತಾನೆ. ಐಸ್ ಕರಗಿರಲಿಕ್ಕಿಲ್ಲ. ಮೂವತ್ತೈದು ವರ್ಷ ಮೀನಿಗೆ ಐಸ್ ಹೊಡೆದ ಕೈ ಇದು. ನಿನ್ನ ಪ್ರೊಫೆಸರರು ಕಟ್ಟಿದ ಡಬ್ಬಿ ಕರಗೀತು, ನಾನು ಕಟ್ಟಿದ್ದು ಕರಗುವುದಿಲ್ಲ.

ಇಟ್ಟು ಬಂದೆಯಾ? ಆತು. ಈಗ ಹೇಳು, ಆರೋಗ್ಯವಾಗಿದ್ದೀಯಾ? ಪತ್ರ ಬರೆಯುವವರೆಲ್ಲ ಕೇಳುತ್ತಾರೆಂದು ಕೇಳುತ್ತಿಲ್ಲ. ನಿನ್ನ ಬೆರಳು ಹೇಗಿದೆ? ಹೋದ ಭಾನುವಾರ ಫೋನಿನಲ್ಲಿ ನೀನು ನಗುತ್ತಾ ಹೇಳಿದೆ, "ಬೆಳಿಗ್ಗೆ ಏಳುವಾಗ ಬಲಗೈಯ ಮೂರು ಬೆರಳು ಜೋಮು ಹಿಡಿದಿರ್ತದೆ ಚಿಕ್ಕಪ್ಪಾ, ದಿನಾ ಆ ಪಿಚಕಾರಿ ಒತ್ತಿ ಒತ್ತಿ ಹೀಗಾಗಿದೆ" ಅಂತ. ಹನಿ ಅಳೆಯುವ ಆ ನಿನ್ನ ಪಿಚಕಾರಿಯ ಹೆಸರು ಪಿಪೆಟ್ ಎಂದು ನನಗೆ ಗೊತ್ತಿದೆ, ನನ್ನ ಸಲುವಾಗಿ ಹಾಗೆ ಹೇಳುವುದು ಬೇಡ. ನಾನು ಏಳನೇ ಇಯತ್ತೆಯಲ್ಲಿ ಇಡೀ ಶಾಲೆಗೆ ಮೊದಲನೆಯವನು. ಆ ವರ್ಷ ಏಳನೇ ಇಯತ್ತೆಯಲ್ಲಿ ನಾವು ನಾಲ್ಕೇ ಜನ ಇದ್ದೆವು ಎಂಬುದು ಬೇರೆ ಮಾತು. ಆ ಫೋನು ಇಟ್ಟ ಮೇಲೆ ನಾನು ನಿನಗೆ ಮತ್ತೆ ಎರಡು ಸಲ ಫೋನು ಮಾಡಿದೆ, ನೆನಪಿದೆಯಾ? ಒಮ್ಮೆ ಬಂಗಡೆಯ ಸುದ್ದಿ ಹೇಳಿ ಇಟ್ಟೆ, ಇನ್ನೊಮ್ಮೆ ನಿಮ್ಮಲ್ಲಿ ಮಳೆ ಬಂತೋ ಎಂದು ಕೇಳಿ ಇಟ್ಟೆ. ಹೇಳಬೇಕಾದದ್ದು ಬೇರೆ ಇತ್ತು. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ಕಾಗದವಾದರೆ ಮುಗಿಯುವವರೆಗೂ ನನ್ನದೇ ಮಾತು.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಿನ್ನ ಅಮ್ಮ ಮಾಲಿನಿ ಅತ್ತಿಗೆಯ ಮಂಡಿನೋವು ಕಡಿಮೆ. ನಿನ್ನ ಚಿಕ್ಕಮ್ಮ ದೇವಿ ಮೊದಲಿನ ಹಾಗೆ ನನ್ನನ್ನು ಬೈದು ಆರೋಗ್ಯವಾಗಿದ್ದಾಳೆ. ಜೂನ್ ಒಂದರಿಂದ ಮೀನುಗಾರಿಕೆ ಬಂದ್ ಅಲ್ಲವೆ, ದೋಣಿ ಮೇಲೆಳೆದು ತೆಂಗಿನ ಮಡಲು ಹೊದೆಸಿದ್ದೇವೆ. ನಾನೂ ತಿಮ್ಮನೂ ಜಗಲಿಯಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದೇವೆ. ತಿಮ್ಮ ಎಂದರೆ ಅದೇ ನಮ್ಮ ದೋಣಿಯ ಪಾಲುದಾರ, ನೀನು ಸಣ್ಣವಳಿದ್ದಾಗ ಯಾರ ಹೊಟ್ಟೆಯನ್ನು ಮದ್ದಳೆ ಎಂದು ಬಡಿಯುತ್ತಿದ್ದೆಯೋ ಅವನು. ವಿಶಾಲ ಆಗಸ್ಟ್ ಒಂದಕ್ಕೆ ತಾಂಡೇಲನಾಗಿ ದೋಣಿ ನಡೆಸಬೇಕೆಂದು ಕುಣಿಯುತ್ತಿದ್ದಾನೆ. ಇಪ್ಪತ್ತಾರಕ್ಕೇ ತಾಂಡೇಲ. ನಾನು ಇಪ್ಪತ್ತನಾಲ್ಕಕ್ಕೆ ಆಗಿದ್ದೆ.

ನಿನ್ನ ಗಡಿಗೆಯ ಸುದ್ದಿ ಈಗ ಬಂದರಿನಲ್ಲಿ ಎಲ್ಲರಿಗೂ ಗೊತ್ತು. ನಾನು ಹೇಳದೆ ಬಿಡುತ್ತೇನೆಯೇ? ಹೋದ ವರ್ಷ ನವರಾತ್ರಿಗೆ ಬಂದಾಗ ನೀನು ಅಡುಗೆಮನೆಯ ಹೊಸ್ತಿಲ ಮೇಲೆ ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದೆ. ಏನು ಎಂದು ಕೇಳಿದ್ದಕ್ಕೆ ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದೆ. ಮೈಯೊಳಗಿನ ಪ್ರೋಟೀನನ್ನು ಒಂದು ರಸ ಹಾಕಿ ತುಂಡು ತುಂಡು ಮಾಡುತ್ತೀರಿ, ಆ ತುಂಡಿಗೆ ಪೆಪ್ಟೈಡ್ ಎಂದು ಹೆಸರು, ಯಂತ್ರ ಒಂದೊಂದು ತುಂಡನ್ನೂ ತೂಗಿ ಇದು ಇಂಥ ಪ್ರೋಟೀನಿನದು ಎಂದು ಹೇಳುತ್ತದೆ. ಅದು ನನಗೆ ಕೂಡಲೇ ತಿಳಿಯಿತು. ಎಲೆಯ ಮೇಲೆ ಬಿಟ್ಟ ಒಂದು ಮುಳ್ಳು ನೋಡಿ ಬಂಗಡೆಯೋ ಇಸ್ವಾಣವೋ ಎಂದು ನಾನು ಹೇಳುವುದಿಲ್ಲವೆ, ಹಾಗೆಯೇ. ಆದರೆ ಯಂತ್ರಕ್ಕೆ ಕೊಡುವ ಮೊದಲು ಉಪ್ಪು, ಜಿಡ್ಡು ಎಲ್ಲ ತೊಳೆದು ತುಂಡುಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಕೈಯಲ್ಲಿ ಬೇಕಾದಷ್ಟು ಇದ್ದರೆ ತೊಂದರೆಯಿಲ್ಲ. ನಿನ್ನ ಹತ್ತಿರ ಇದ್ದದ್ದು ಸಾಸಿವೆ ಕಾಳಿನಷ್ಟು. ಒಂದು ಪ್ಲಾಸ್ಟಿಕ್ ನಳಿಗೆಯಿಂದ ಇನ್ನೊಂದಕ್ಕೆ ಬಗ್ಗಿಸಿದ ಹಾಗೆಲ್ಲ ತುಂಡುಗಳು ಗೋಡೆಗೇ ಅಂಟಿಕೊಳ್ಳುತ್ತವೆ, ತೊಳೆದು ಮುಗಿಯುವ ಹೊತ್ತಿಗೆ ಅರ್ಧ ಹೋಗಿರುತ್ತದೆ ಎಂದು ಕಣ್ಣು ಒರೆಸಿಕೊಂಡೆ.

ಆಗ ದೇವಿ ಹೊಸ ಮಣ್ಣಿನ ಗಡಿಗೆಯಲ್ಲಿ ಅಕ್ಕಿ ಗಂಜಿ ಕುದಿಸುತ್ತಿದ್ದಳು. ನಾನು ಹೇಳಿದೆ, "ಎಂತಕ್ಕೆ ಅಳ್ತೀ ಮಾರಾಯ್ತಿ, ಹೊಸ ಗಡಿಗೆ ಯಾವಾಗ್ಲೂ ಸಾರು ಕುಡೀತದೆ. ಮೊದಲು ಗಂಜಿ ಕುಡ್ಸಿ ಹೊಟ್ಟೆ ತುಂಬ್ಸು, ಆಮೇಲೆ ನಿನ್ನ ಸಾರು ಮುಟ್ಟೂದಿಲ್ಲ." ಮತ್ತೂ ಹೇಳಿದೆ, ದೋಣಿಯಲ್ಲಿ ನಾವು ತೊಳೆಯುವುದು, ಬೇಯಿಸುವುದು, ಉಣ್ಣುವುದು ಎಲ್ಲ ಒಂದೇ ಪಾತ್ರೆಯಲ್ಲಿ, ಹತ್ತು ಪಾತ್ರೆಗೆ ಬಗ್ಗಿಸುತ್ತಾ ಕುಳಿತರೆ ಕೊನೆಯವನಿಗೆ ಮುಳ್ಳೂ ಸಿಗುವುದಿಲ್ಲ. ನೀನು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದೆ. ಪುಣೆಗೆ ಹೋಗಿ ನಳಿಗೆಯ ಗೋಡೆಗೆ ಮೊದಲು ಬೇರೇನೋ ಸವರಿದೆ, ಎಲ್ಲ ಕೆಲಸವನ್ನೂ ಒಂದೇ ನಳಿಗೆಯಲ್ಲಿ ಮುಗಿಸಿದೆ. ಅರ್ಧ ಕಳೆದುಹೋಗುತ್ತಿದ್ದದ್ದು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. "ಚಿಕ್ಕಪ್ಪಾ, ನಿನ್ನ ಗಡಿಗೆ ಗೆದ್ದಿತು!" ಎಂದು ನೀನು ಫೋನಿನಲ್ಲಿ ಕೂಗಿದ್ದನ್ನು ನಾನು ಸ್ಪೀಕರಿಗೆ ಹಾಕಿ ಚಾದಂಗಡಿಯಲ್ಲಿ ಎಲ್ಲರಿಗೂ ಕೇಳಿಸಿದೆ. ನೀನು ಅಚ್ಚು ಹಾಕಿಸುವ ಲೇಖನದಲ್ಲಿ ಪ್ರೊಫೆಸರರ ಹೆಸರಿನ ಕೆಳಗೆ ನನ್ನ ಹೆಸರು ಬರಬೇಕು. ಇದರಲ್ಲಿ ತಮಾಷೆಯಿಲ್ಲ. ಆ ಗೆಲುವಿನ ದಿನ ನಾವಿಬ್ಬರೂ ಒಂದು ವಿಷಯ ಮಾತ್ರ ಆಡಲಿಲ್ಲ. ಸಾಸಿವೆಯಷ್ಟು ಇದ್ದ ಆ ಚೂರು ಯಾರದು ಎಂಬುದನ್ನು.

ಅದು ನನ್ನ ಅಣ್ಣ ಭಾಸ್ಕರನದು, ನಿನ್ನ ಅಪ್ಪನದು. ಅವನ ವಿಷಯ ಬರೆಯುವಾಗ ಪೆನ್ನು ನಿಲ್ಲುತ್ತದೆ, ಆದರೂ ಬರೆಯುತ್ತೇನೆ. ನಮ್ಮ ಮನೆಗೆ ಊರಲ್ಲಿ ಕಲ್ಲಂಗಾಲಿನ ಮನೆ ಎಂದು ಹೆಸರಿರುವುದು ನಿನಗೆ ಗೊತ್ತು. ನಿನ್ನ ಅಜ್ಜ ಗಣಪ ನೀರು ಇಳಿದಾಗ ಚಿಪ್ಪು ತುಂಬಿದ ಬಂಡೆಯ ಮೇಲೆ ಬರಿಗಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಪಂದ್ಯ ಗೆಲ್ಲುತ್ತಿದ್ದನಂತೆ. ರಕ್ತ ಬರುತ್ತಿತ್ತು, ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದು ಗಂಡಸುತನ ಎಂದು ಊರೇ ಹೊಗಳಿತು. ನಾವೂ ಹೊಗಳಿಕೊಂಡೆವು. ಐವತ್ತರ ಮೇಲೆ ಅವನ ಕಾಲು ಊದಿತು, ಕುಳಿತಲ್ಲಿಂದ ಎದ್ದರೆ ತಲೆ ತಿರುಗಿ ದೋಣಿಯಲ್ಲೇ ಬೀಳುತ್ತಿದ್ದ, ಐವತ್ತೈದಕ್ಕೆ ಹೋದ. ನಿನ್ನ ಅಪ್ಪನಿಗೆ ಮೊದಲು ಬಂದದ್ದು ಕೈಗೆ. ಬೆಳಿಗ್ಗೆ ಎದ್ದು ಬೆರಳು ಕೊಡವುತ್ತಾ, "ಬಲೆ ಎಳೆದು ಎಳೆದು ಜೋಮು ಹಿಡಿತದೆ ಮಾಸ್ತಿ" ಎನ್ನುತ್ತಿದ್ದ. ಮತ್ತೆ ಕಾಲಿಗೆ ಬಂತು. ಒಂದು ದಿನ ಬಚ್ಚಲ ಒಲೆಯ ಮುಂದೆ ನಿಂತಿದ್ದಾಗ ಮಾಲಿನಿ ಅತ್ತಿಗೆ, "ಎಂತದು ಸುಟ್ಟ ವಾಸನೆ?" ಎಂದು ಒಳಗಿನಿಂದ ಓಡಿ ಬಂದಳು. ಸಿಡಿದ ಕೆಂಡದ ಮೇಲೆ ಅವನ ಪಾದ ಇತ್ತು. ಅವನು ನಗುತ್ತಿದ್ದ. "ಕಲ್ಲಂಗಾಲು ಅಲ್ಲವೇನೇ" ಎಂದ. ನಾನೂ ಪಕ್ಕದಲ್ಲಿ ನಿಂತು ನಕ್ಕೆ ಮಗಳೇ. ಎರಡು ವರ್ಷದ ಹಿಂದೆ ಹೃದಯ ಸೋತು ಅವನು ಹೋದಾಗ ಐವತ್ತನಾಲ್ಕು.

ಅವನು ಇದ್ದಾಗ ಅವನ ಹೊಟ್ಟೆಯ ಕೊಬ್ಬಿನಿಂದ ಸೂಜಿ ಹಾಕಿ ತೆಗೆದ ಚೂರು ನೋಡಿ ಡಾಕ್ಟರು, ಯಾವುದೋ ಪ್ರೋಟೀನ್ ಹೊಳೆಯ ಬಾಯಲ್ಲಿ ಹೂಳು ಕೂತ ಹಾಗೆ ಮೈಯಲ್ಲೆಲ್ಲ ಕೂತಿದೆ, ಯಾವುದು ಎಂದು ಹೇಳಲು ಈ ಚೂರು ಸಾಲದು ಎಂದಿದ್ದರಲ್ಲ. ಉಳಿದದ್ದನ್ನು ನೀನು ಒಯ್ದೆ. ಅದರಲ್ಲಿ ಅರ್ಧ ಮೊದಲ ನಳಿಗೆಗಳಿಗೇ ಹೋಯಿತು. ಗಂಜಿ ಕುಡಿಸಿದ ನಳಿಗೆಯಲ್ಲಿ ಉಳಿದರ್ಧ ಹಾಕಿದ ಮೇಲೆ ಯಾವ ಪ್ರೋಟೀನ್ ಎಂಬುದು ಸಿಕ್ಕಿತು. ಆದರೆ ಅದು ವಯಸ್ಸಿಗೆ ಬಂದದ್ದೋ, ಅಪ್ಪನಿಂದ ಮಗನಿಗೆ ಇಳಿದು ಬಂದದ್ದೋ ಎಂದು ಹೇಳುವ ಒಂದೇ ಒಂದು ತುಂಡು ಮಾತ್ರ ಸಿಗಲಿಲ್ಲ. ಆ ಪಾಲನ್ನು ಗಡಿಗೆ ಕುಡಿದು ಆಗಿತ್ತು. ಅದಕ್ಕೇ ನೀನು ಅಪ್ಪನ ಒಡಹುಟ್ಟಿದ ನನ್ನ ಚೂರು ಕೇಳಿದೆ. ನನ್ನಲ್ಲೂ ಅದೇ ಕಂಡರೆ ಮನೆತನದ್ದು, ಆಗ ನೀನೂ ವಿಶಾಲನೂ ತೋರಿಸಿಕೊಳ್ಳಬೇಕು. ಬೇಗ ತಿಳಿದರೆ ತಡೆಯುವ ಔಷಧ ಈಗ ಇದೆ, ತಡವಾದರೆ ಕೂತ ಹೂಳು ತೆಗೆಯುವುದು ಕಷ್ಟ ಎಂದೆ. ಇಷ್ಟೆಲ್ಲ ನನಗೆ ನೆನಪಿದೆ ನೋಡು. ಕೇಳಿದ್ದನ್ನು ಮರೆಯುವವನಲ್ಲ ನಾನು. "ಚೂರು ತುಂಬಾ ಸಣ್ಣದಾದ್ರೆ ಕಷ್ಟ ಚಿಕ್ಕಪ್ಪಾ, ಸ್ವಲ್ಪ ಹೆಚ್ಚು ಸಿಕ್ಕಿದ್ರೆ ಒಳ್ಳೇದು" ಎಂದಿದ್ದೆಯಲ್ಲ, ಅದೂ ನೆನಪಿದೆ. ಅದೇ ಮಾತು ಕೆಲಸ ಕೆಡಿಸಿತು.

ಜನವರಿಯಲ್ಲಿ ಹೊನ್ನಾವರದ ಕ್ಲಿನಿಕ್ಕಿನಲ್ಲಿ ನೀನು ಎಲ್ಲ ಗೊತ್ತು ಮಾಡಿದ್ದೆ. ಅದೇ ದಿನ ನಿನಗೆ ಕುಮಟೆಯ ಕಾಲೇಜಿನಲ್ಲಿ ಭಾಷಣ ಇತ್ತು, ಸಂಜೆ ಬಂದು ಡಬ್ಬಿ ಒಯ್ಯುತ್ತೇನೆ ಎಂದಿದ್ದೆ. ಜೊತೆಗೆ ಇರಲಿ ಎಂದು ನಾನು ತಿಮ್ಮನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ನರ್ಸಮ್ಮ ಚೀಟಿ ನೋಡಿ ಮಾಸ್ತಿ ಎಂದು ಕರೆದಳು. ಹತ್ತು ನಿಮಿಷದ ಕೆಲಸ. ಇಷ್ಟು ಸಲೀಸಾಗಿ ಇಷ್ಟೊಂದು ಯಾರಿಂದಲೂ ಸಿಕ್ಕಿರಲಿಲ್ಲ ಎಂದು ಹೊಗಳಿದಳು. ಬರುವಾಗ ಇಡಗುಂಜಿಯಲ್ಲಿ ಇಳಿದು ಮಹಾಗಣಪತಿಗೆ ಕೈಮುಗಿದು ಪಂಚಕಜ್ಜಾಯ ತಿಂದೆವು. ತಿಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ಒಂದು ಹಿಡಿಯೂ ತಿನ್ನಲಿಲ್ಲ, ಎರಡು ದಿನ ಬಗ್ಗಿ ಬಲೆ ಎತ್ತಲಿಲ್ಲ. ಮಾರ್ಚಿನಲ್ಲಿ ನಿನ್ನ ಫೋನು ಬಂತು. "ಚಿಕ್ಕಪ್ಪಾ, ನಿನ್ನದು ಹಾಲಿನ ಹಾಗೆ ಸ್ವಚ್ಛ! ಎಷ್ಟು ಹುಡುಕಿದ್ರೂ ಎಂತದೂ ಇಲ್ಲ!" ಎಂದು ಹೇಳಿ ನೀನು ಅತ್ತುಬಿಟ್ಟೆ. ಅಪ್ಪನಿಗೆ ವಯಸ್ಸಿಗೆ ಮೊದಲೇ ಬಂದದ್ದರಿಂದ ಒಂದು ಅನುಮಾನ ಕಾಡುತ್ತಿತ್ತು, ಈಗ ಬಿಟ್ಟೆ, ನಾವಿಬ್ಬರೂ ತೋರಿಸಿಕೊಳ್ಳುವ ಅವಶ್ಯಕತೆಯಿಲ್ಲ ಎಂದೆ. ಮಾಲಿನಿ ಅತ್ತಿಗೆ ಮರುದಿನ ಮನೆಮನೆಗೆ ಸಕ್ಕರೆ ಹಂಚಿದಳು. ನಾನೂ ತಿಂದೆ.

ಈಗ ಒಂದು ತಮಾಷೆ ಕೇಳು. ಮೇ ತಿಂಗಳಲ್ಲಿ ಎಂಜಿನ್ನಿನ ಸಾಮಾನು ತರಲು ಕುಮಟೆಗೆ ಹೋದವನು ಬರುವಾಗ ಧಾರೇಶ್ವರದಲ್ಲಿ ಇಳಿದು ದೇವಸ್ಥಾನಕ್ಕೆ ಹೋದೆ. ಕೈಮುಗಿದು ಬಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ, ಬಸ್ಸು ಹತ್ತಿದೆ, ಭಟ್ಕಳದಲ್ಲಿ ಇಳಿದು ರಿಕ್ಷಾ ಹಿಡಿದು ಮನೆಗೆ ಬಂದೆ. ಅಂಗಳದಲ್ಲಿ ದೇವಿ ನನ್ನನ್ನೇ ನೋಡುತ್ತಾ ನಿಂತಳು. "ಇನ್ನೊಂದು ಚಪ್ಪಲಿ ಎಲ್ಲಿ?" ಎಂದಳು. ನೋಡುತ್ತೇನೆ, ಎಡಗಾಲು ಬರಿದು. ಧಾರೇಶ್ವರದ ಕಾದ ಕಲ್ಲಿನ ಮೇಲೆ, ಡಾಂಬರಿನ ಮೇಲೆ ಅಷ್ಟು ದೂರ ಆ ಕಾಲು ಬರಿಗಾಲು ಎಂದು ನನಗೆ ಹೇಳಿಯೇ ಇಲ್ಲ. ನಾನು ಗಟ್ಟಿಯಾಗಿ ನಕ್ಕು, "ಒಂದನ್ನ ದೇವರಿಗೆ ಒಪ್ಪಿಸಿ ಬಂದೆ" ಎಂದೆ. ದೇವಿ ನಗಲಿಲ್ಲ. ಹೋದ ವಾರ ಬಾವಿಯಿಂದ ಜಗಲಿಯವರೆಗೆ ನೆಲದ ಮೇಲೆ ಕೆಂಪು ಗುರುತು ಬಿದ್ದಿದ್ದನ್ನು ನೋಡಿ ಬೆಕ್ಕು ಮೀನು ಎಳೆದು ತಂದಿದೆ ಎಂದು ಅವಳು ಕೋಲು ಹಿಡಿದು ಹೊರಟಳು. ಗುರುತು ಬಂದು ನಿಂತದ್ದು ನನ್ನ ಕುರ್ಚಿಯ ಬುಡದಲ್ಲಿ. ಚಿಪ್ಪಿನ ಒಂದು ಚೂರು ಅಂಗಾಲಿನಲ್ಲಿ ಅಡಗಿ ಕುಳಿತಿತ್ತು, ಯಾವಾಗ ಹೊಕ್ಕಿತೋ ಗೊತ್ತಿಲ್ಲ. ಅವಳು ಕುಳಿತು ಕಿತ್ತಳು, ಅರಿಶಿನ ಹಚ್ಚಿದಳು. ಬೈಯಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವಳು ಬೈಯದೆ ಇದ್ದದ್ದು ಅದೊಂದೇ ದಿನ. ನನಗೆ ಹೆದರಿಕೆಯಾದದ್ದೂ ಆಗಲೇ. ಇವತ್ತು ಬೆಳಿಗ್ಗೆ ಬಲೆ ಹೊಲೆಯುವ ಸೂಜಿ ಮೂರು ಸಲ ಕೈಯಿಂದ ಬಿತ್ತು. ಎರಡು ಸಲ ತಿಮ್ಮ ಎತ್ತಿಕೊಟ್ಟ. ಮೂರನೆಯ ಸಲ ಎತ್ತಿದವನು ಕೊಡಲಿಲ್ಲ, ಸೂಜಿ ಕೈಯಲ್ಲೇ ಹಿಡಿದುಕೊಂಡು, "ಮಾಸ್ತಿ, ಹೇಳಿಬಿಡು ಮಾರಾಯಾ. ನಂಗೆ ನಿದ್ದೆ ಬರೂದಿಲ್ಲ" ಎಂದ. ಅದಕ್ಕೇ ಈ ಪತ್ರ. ಬರುವ ಶ್ರಾವಣಕ್ಕೆ ನನಗೆ ಐವತ್ತಮೂರು ತುಂಬುತ್ತದೆ.

ಅಲ್ಲಿ ಊಟ ಸರಿಯಾಗಿ ಮಾಡು. ಒಣ ಸೀಗಡಿ ಬೇರೆ ಚೀಲದಲ್ಲಿದೆ, ಅದು ನಿಜವಾದ ಸೀಗಡಿ. ಜೋಪಾನವಾಗಿಟ್ಟರೆ ಎರಡು ತಿಂಗಳು ಬರುತ್ತದೆ. ನಿನ್ನ ಪ್ರೊಫೆಸರರಿಗೆ ನನ್ನ ನಮಸ್ಕಾರ ಹೇಳು, ಗಡಿಗೆಯ ಯಜಮಾನ ಕೇಳಿದನೆಂದು ಹೇಳು. ಮಾಲಿನಿ ಅತ್ತಿಗೆಯ, ದೇವಿಯ ಆಶೀರ್ವಾದ. ಇಡಗುಂಜಿಯ ಗಣಪತಿ ನಿನ್ನ ಕೈಬೆರಳು ಕಾಯಲಿ.

ಇತಿ ನಿನ್ನ ಚಿಕ್ಕಪ್ಪ,
ಮಾಸ್ತಿ ಗಣಪ, ಕಲ್ಲಂಗಾಲಿನ ಮನೆ

ತಾ.ಕ.: ವಿಶಾಲ ರೈಲಿಗೆ ಹೊತ್ತಾಯಿತೆಂದು ಅಂಗಳದಲ್ಲಿ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹಾಲಿನ ಹಾಗಿದ್ದ ಆ ಚೂರು ನನ್ನದಲ್ಲ. ತಿಮ್ಮನದು. ನರ್ಸಮ್ಮ ಮಾಸ್ತಿ ಎಂದು ಕರೆದಾಗ ಒಳಗೆ ಹೋಗಿ ಮಲಗಿದವನು ಅವನು. ನೀನು ಹೆಚ್ಚು ಬೇಕು ಎಂದಿದ್ದೆ, ನನ್ನ ಹೊಟ್ಟೆ ಬೆನ್ನಿಗೆ ಹತ್ತಿದೆ, ಅವನದು ನಿನಗೆ ಗೊತ್ತೇ ಇದೆ. ಒಂದೇ ದೋಣಿಯ ಪಾಲುದಾರರು, ಯಾರದಾದರೇನು ಕೊಬ್ಬು ಕೊಬ್ಬೇ ಎಂದು ಅವನಿಗೆ ಹೇಳಿ ಒಪ್ಪಿಸಿದೆ, ಪಾಪ, ನಂಬಿದ. ಆ ಸೂಜಿ ನೋಡಿ ನನಗೆ ಹೆದರಿಕೆಯಾಯಿತು ಎಂಬುದು ಎರಡನೆಯ ಕಾರಣ. ಮೂರನೆಯದನ್ನು ತಿಮ್ಮನಿಗೂ ಹೇಳಿಲ್ಲ. ಜನವರಿಗೆ ಮೊದಲೇ ನನ್ನ ಪಾದ ನನ್ನದಾಗಿ ಉಳಿದಿರಲಿಲ್ಲ ಮಗಳೇ. ನನ್ನ ಚೂರಿನಲ್ಲಿ ನೀನು ಅದನ್ನು ಓದಿಬಿಡುತ್ತೀ ಎಂದು ಗೊತ್ತಿದ್ದೇ ಅವನನ್ನು ಒಳಗೆ ಕಳಿಸಿದೆ. ಅದು ನನ್ನೊಬ್ಬನ ಸುದ್ದಿ ಎಂದುಕೊಂಡಿದ್ದೆ. ನೀನು ಬೆರಳಿನ ಸುದ್ದಿ ಹೇಳುವವರೆಗೂ ಹಾಗೆಯೇ ಅಂದುಕೊಂಡಿದ್ದೆ. ಅದು ಪಿಚಕಾರಿ ಒತ್ತಿ ಬಂದದ್ದಲ್ಲ ಎಂದು ನನಗೆ ಅನಿಸುತ್ತದೆ. ಅಣ್ಣನದು ಬಲೆ ಎಳೆದು ಬಂದದ್ದಾಗಿರಲಿಲ್ಲ. ಇವತ್ತು ಮಧ್ಯಾಹ್ನ ತಿಮ್ಮನನ್ನೇ ಕರೆದುಕೊಂಡು ಮತ್ತೆ ಹೊನ್ನಾವರಕ್ಕೆ ಹೋಗಿ ಬಂದೆ. ಈ ಸಲ ಅವನು ಬಾಗಿಲಲ್ಲಿ ನಿಂತ, ನಾನು ಮಲಗಿದೆ. ನರ್ಸಮ್ಮನಿಗೆ ನಿಜ ಹೇಳಿದೆ, ಬೈದಳು, ಚೀಟಿಯ ಮೇಲೆ ಸರಿಯಾಗಿ ಬರೆದಿದ್ದಾಳೆ. ಮೂರು ಕಡೆ ಚುಚ್ಚಿದರೂ ಸಾಸಿವೆಯ ಅರ್ಧದಷ್ಟು ಸಿಕ್ಕಿತು, ಅದೇ ಡಬ್ಬಿಯಲ್ಲಿರುವುದು. ವಿಶಾಲನನ್ನು ವಾಪಸು ಕಳಿಸಬೇಡ, ದೋಣಿ ಕಾಯಲಿ, ಅವನದೂ ತೆಗೆಸು. ಅದಕ್ಕಿಂತ ಮೊದಲು ನಿನ್ನದು, ನಾಳೆಯೇ. ನನ್ನದು ಇಷ್ಟೇ ಇದೆ ಸೌಜು. ಈ ಸಲ ಗಡಿಗೆಗೆ ಕುಡಿಯಲು ಬಿಡಬೇಡ.